ಎಪಾಕ್ಸಿ ಪೇಟೆಂಟಿಗೆ ‘ಇದು ಯಾರಿಗಾದರೂ ಹೊಳೆಯುತ್ತೆ’ ಅಂತ ಆಕ್ಷೇಪಣೆ ಬಂದರೆ ಉತ್ತರ ಬರೆಯುವುದು ಹೇಗೆ

“ಮೇಡಂ, ಇದು ಯಾರಿಗಾದ್ರೂ ಹೊಳೆಯುತ್ತೆ ಅಂತ ಬರೆದಿದ್ದಾರೆ. ಹಾಗಾದ್ರೆ ನಮಗ್ಯಾಕೆ ಮೂರು ವರ್ಷ ಹಿಡೀತು?”

ಪೀಣ್ಯ ಎರಡನೇ ಹಂತದ ಯಜಮಾನರೊಬ್ಬರು ಫೋನಿನಲ್ಲಿ ಹೀಗೆ ಕೇಳಿದರು. ಅವರದು ಚಿಕ್ಕ ಕಾರ್ಖಾನೆ. ಡಯೋಡು, ಬ್ರಿಡ್ಜ್ ರೆಕ್ಟಿಫೈಯರುಗಳಂಥ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಮೈಯಾಗುವ ಕಪ್ಪು ಎಪಾಕ್ಸಿ ಮೋಲ್ಡಿಂಗ್ ಕಾಂಪೌಂಡ್, ಅಂದರೆ ಬಿಸಿ ಅಚ್ಚಿನಲ್ಲಿ ಹರಿದು ಗಟ್ಟಿಯಾಗುವ ಪ್ಲಾಸ್ಟಿಕ್ ಪುಡಿ, ಮಾಡುತ್ತಾರೆ. ಪೇಟೆಂಟ್ ಆಫೀಸಿನ ಮೊದಲ ಪರೀಕ್ಷಾ ವರದಿ, ನಾವೆಲ್ಲ ಎಫ್‌ಇಆರ್ ಅನ್ನುವ ಕಾಗದ, ಅವತ್ತು ಬೆಳಗ್ಗೆ ಬಂದಿತ್ತು.

ನಾನು ಕೊಟ್ಟ ಉತ್ತರ ಅವರಿಗೆ ಹಿಡಿಸಲಿಲ್ಲ. “ಎಷ್ಟು ವರ್ಷ ಹಿಡಿಯಿತು, ಎಷ್ಟು ದುಡ್ಡು ಸುರಿದಿರಿ ಅನ್ನೋದು ಲೆಕ್ಕಕ್ಕೆ ಬರೋದಿಲ್ಲ ಸರ್. ಈ ಕೆಲಸ ಗೊತ್ತಿರುವ ಇನ್ನೊಬ್ಬ, ಇದೇ ಹಳೇ ಕಾಗದಗಳನ್ನು ಮುಂದಿಟ್ಟುಕೊಂಡು ಕೂತಿದ್ದರೆ, ನೀವು ಹೋದ ದಾರಿಯಲ್ಲೇ ಹೋಗುತ್ತಿದ್ದನಾ? ಅವರು ಕೇಳುತ್ತಿರೋದು ಅಷ್ಟೇ.”

ನಾನು ಈಗ ಪೇಟೆಂಟ್ ಏಜೆಂಟ್. ಮಲ್ಲೇಶ್ವರದಲ್ಲಿ ಟೈಲರ್ ಅಂಗಡಿಯ ಮೇಲೆ ಒಂದು ಚಿಕ್ಕ ಆಫೀಸು. ಅದಕ್ಕೂ ಮುಂಚೆ ಆರು ವರ್ಷ ಪೀಣ್ಯದಲ್ಲೇ ಎಪಾಕ್ಸಿ ಕಲಸಿದವಳು. ಉಗುರಿನ ಸಂದಿಯ ಕಪ್ಪು ಹೋಗೋಕೆ ಕೆಲಸ ಬಿಟ್ಟ ಮೇಲೂ ಒಂದು ತಿಂಗಳು ಹಿಡಿಯಿತು. ಕೆಳಗೆ ಬರೆದಿರುವುದೆಲ್ಲ ಆ ಯಜಮಾನರ ಫೈಲನ್ನೇ ಇಟ್ಟುಕೊಂಡು. ಪದಾರ್ಥದ ಹೆಸರು ಮುಚ್ಚಿಟ್ಟಿದ್ದೇನೆ, ಅಂಕಿಗಳನ್ನು ಬದಲಿಸಿದ್ದೇನೆ. ಅಂಕಿಗಳು ಯಾವ ಕಡೆ ವಾಲುತ್ತವೆ ಅನ್ನೋದನ್ನು ಮಾತ್ರ ಮುಟ್ಟಿಲ್ಲ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಎಫ್‌ಇಆರ್ ಹೊರಟ ತಾರೀಖಿನಿಂದ 6 ತಿಂಗಳೊಳಗೆ ಉತ್ತರ ಹೋಗಬೇಕು. ಆ 6 ತಿಂಗಳು ಮುಗಿಯುವ ಮುಂಚೆ ಫಾರ್ಮ್ 4 ಹಾಕಿ ಫೀಸು ಕಟ್ಟಿದರೆ ಇನ್ನು 3 ತಿಂಗಳು ಸಿಗುತ್ತದೆ. ತಪ್ಪಿದರೆ ಅರ್ಜಿಯನ್ನು ನೀವೇ ಕೈಬಿಟ್ಟಂತೆ ಅಂತ ಪೇಟೆಂಟ್ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಕರ್ನಾಟಕದವರ ಫೈಲು ಚೆನ್ನೈ ಆಫೀಸಿಗೆ ಸೇರುತ್ತದೆ. ಹಾಗಂತ ರೈಲು ಹತ್ತಬೇಕಾಗಿಲ್ಲ, ಕಾಗದ ಹಾಕೋದು ಆನ್‌ಲೈನಿನಲ್ಲೇ.

6 ತಿಂಗಳು ಜಾಸ್ತಿ ಆಯಿತು ಅನ್ನಿಸಬಹುದು. ರೆಸಿನ್, ಅಂದರೆ ಎಪಾಕ್ಸಿಯಂಥ ಅಂಟುರಾಳದ ಕೆಲಸದಲ್ಲಿ ಅದು ಸಾಲೋದೇ ಇಲ್ಲ. ಉತ್ತರಕ್ಕೆ ಬೇಕಾದ ಹೋಲಿಕೆ ಬ್ಯಾಚುಗಳನ್ನು ಮಾಡಬೇಕು, ಮೋಲ್ಡ್ ಮಾಡಬೇಕು, ಆಮೇಲೆ ಓವನ್ನಿನಲ್ಲಿ ಗಂಟೆಗಟ್ಟಲೆ ಮಾಗಿಸಬೇಕು. ತೇವದ ಪರೀಕ್ಷೆ ಒಂದಕ್ಕೇ 85 ಡಿಗ್ರಿ, ಶೇ 85 ತೇವಾಂಶದ ಪೆಟ್ಟಿಗೆಯಲ್ಲಿ 168 ಗಂಟೆ, ಅಂದರೆ ಪೂರ್ತಿ ಒಂದು ವಾರ. ನಡುವೆ ಕರೆಂಟ್ ಹೋಗಿ ಜನರೇಟರ್ ಕೈಕೊಟ್ಟರೆ ಮತ್ತೆ ಮೊದಲಿಂದ. ಕಾಗದ ಬಂದ ವಾರವೇ ಪ್ರಯೋಗ ಶುರುವಾಗಲಿ. ಐದನೇ ತಿಂಗಳಲ್ಲಿ ಓಡಿಬರುವವರಿಗೆ ನಾನು ಬರೀ ಮಾತಿನ ಉತ್ತರ ಬರೆದುಕೊಡಬಲ್ಲೆ, ಅಷ್ಟೇ.

ಆ ಕಪ್ಪು ಪುಡಿಯಲ್ಲಿ ಏನಿದೆ

ಇದು ಗೊತ್ತಿಲ್ಲದೆ ಉತ್ತರ ಬರೆಯೋಕೆ ಕೂರಬೇಡಿ. ವಕೀಲರ ಹುಡುಗರು ಬರೆದ ಎಷ್ಟೋ ಉತ್ತರಗಳು ಸೋಲುವುದು ಇಲ್ಲಿಯೇ.

ನನ್ನ ತಂದೆಯವರು ಜಾಲಹಳ್ಳಿಯ ಬಿಇಎಲ್‌ನಲ್ಲಿ, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿದ್ದರು. 1960ರ ದಶಕದಲ್ಲೇ ಅಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಾಗುತ್ತಿತ್ತು. ಮನೆಯ ಡ್ರಾಯರಿನಲ್ಲಿ ಅಂಥ ಕೆಲವು ಈಗಲೂ ಇವೆ: ಮೂರು ಕಾಲು, ತಲೆಗೆ ಲೋಹದ ಟೋಪಿ. ಆ ಟೋಪಿಯೊಳಗೆ ಗಾಳಿ ಹೋಗೋದಿಲ್ಲ, ನೀರು ಹೋಗೋದಿಲ್ಲ. ಈಗ ಎಸ್‌ಪಿ ರೋಡಿನಲ್ಲಿ ಯಾವ ಅಂಗಡಿಗೆ ಹೋಗಿ ಐಸಿ ಕೇಳಿದರೂ ಕೊಡೋದು ಕಪ್ಪು ಪ್ಲಾಸ್ಟಿಕ್ ಮೈಯದ್ದು. ಅಗ್ಗ, ಹಗುರ. ಆದರೆ ಎಪಾಕ್ಸಿ ನಿಧಾನವಾಗಿ ನೀರು ಕುಡಿಯುತ್ತದೆ. ಬೋರ್ಡಿಗೆ ಬೆಸುಗೆ ಹಾಕುವಾಗ ಶಾಖ 260 ಡಿಗ್ರಿಯ ಹತ್ತಿರ ಹೋಗುತ್ತದೆ. ಒಳಗಿನ ನೀರು ಆವಿಯಾಗಿ, ಎಪಾಕ್ಸಿಯನ್ನು ಚಿಪ್ ಕೂರುವ ತಾಮ್ರದ ಚೌಕಟ್ಟಿನಿಂದ ಕಿತ್ತು, ಪಟ್ ಅಂತ ಸೀಳುತ್ತದೆ. ಈ ಕೆಲಸದವರು ಅದಕ್ಕೆ ಪಾಪ್‌ಕಾರ್ನ್ ಅಂತಲೇ ಹೆಸರಿಟ್ಟಿದ್ದಾರೆ.

ಥರ್ಮೋಸೆಟ್ ಅಂದರೆ ಬಿಸಿಗೆ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದ ರೆಸಿನ್. ಬೆಲ್ಲ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ, ಮತ್ತೆ ಕರಗುತ್ತದೆ. ಇಡ್ಲಿ ಹಾಗಲ್ಲ, ಬೆಂದ ಮೇಲೆ ಹಿಟ್ಟಾಗೋದಿಲ್ಲ. ಎಪಾಕ್ಸಿ ಇಡ್ಲಿಯ ಜಾತಿ. ಸಾಮಾನ್ಯ ಕಾಂಪೌಂಡಿನಲ್ಲಿ ಕ್ರೆಸಾಲ್ ನೊವೊಲ್ಯಾಕ್ ಅಥವಾ ಬೈಫೀನೈಲ್ ಜಾತಿಯ ಎಪಾಕ್ಸಿ ರೆಸಿನ್ ಇರುತ್ತದೆ. ಅದನ್ನು ಕಟ್ಟುವ ಫೀನಾಲ್ ಹಾರ್ಡನರ್, ಬೇಗ ಕಟ್ಟಿಸುವ ಟ್ರೈಫೀನೈಲ್ ಫಾಸ್ಫೀನಿನಂಥ ಕ್ಯಾಟಲಿಸ್ಟು, ರೆಸಿನ್ನಿಗೂ ಸಿಲಿಕಾಗೂ ನೆಂಟಸ್ತಿಕೆ ಮಾಡಿಸುವ ಸಿಲೇನ್, ಅಚ್ಚು ಬಿಡಿಸುವ ಕಾರ್ನೌಬಾ ಮೇಣ, ಕಪ್ಪು ಬಣ್ಣಕ್ಕೆ ಕಾರ್ಬನ್. ಇವೆಲ್ಲ ಸೇರಿದರೂ ತೂಕದಲ್ಲಿ ಕಾಲು ಭಾಗ ದಾಟೋದು ಅಪರೂಪ. ಉಳಿದದ್ದು ಸಿಲಿಕಾ, ಶುದ್ಧ ಗಾಜಿನ ಪುಡಿ ಅನ್ನಿ.

ಅಷ್ಟು ಸಿಲಿಕಾ ಯಾಕೆ? ಬಿಸಿಯಾದಾಗ ಸಿಲಿಕಾನ್ ಚಿಪ್ ಹಿಗ್ಗೋದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 3 ಪಾಲು. ತಾಮ್ರ 17. ಬರೀ ಎಪಾಕ್ಸಿ 60ರ ಆಸುಪಾಸು. ಒಂದಕ್ಕೊಂದು ಅಂಟಿಕೊಂಡ ಮೂವರು ಬೇರೆ ಬೇರೆ ಹಿಗ್ಗಿದರೆ ಎಲ್ಲೋ ಒಂದು ಕಡೆ ಹರಿಯಲೇಬೇಕು. ಕರಗಿಸಿ ಮಾಡಿದ ಸಿಲಿಕಾ ಹಿಗ್ಗೋದು ಬರೀ 0.5. ಅದನ್ನು ಜಾಸ್ತಿ ಹಾಕಿದಷ್ಟೂ ಹಿಗ್ಗೋದು ಇಳಿಯುತ್ತದೆ, ನೀರು ಕುಡಿಯುವ ರೆಸಿನ್ನೂ ಕಡಿಮೆಯಾಗುತ್ತದೆ.

ಹಾಗಾದರೆ ಶೇ 95 ಹಾಕಿಬಿಡಿ ಅಂದರೆ, ಆಗೋದಿಲ್ಲ. ಹಿಟ್ಟು ಗಟ್ಟಿಯಾದರೆ ಕಾವಲಿಯ ಮೇಲೆ ದೋಸೆ ಹರಡೋದಿಲ್ಲ ಅಲ್ವಾ? 175 ಡಿಗ್ರಿಯ ಅಚ್ಚಿನಲ್ಲಿ ಕಾಂಪೌಂಡು ಕೆಲವೇ ಸೆಕೆಂಡಿನಲ್ಲಿ ಮೂಲೆಮೂಲೆಗೆ ಹರಿಯಬೇಕು. ಗಟ್ಟಿಯಾದರೆ ಮೂಲೆ ಖಾಲಿ ಉಳಿಯುತ್ತದೆ. ಇಲ್ಲವೇ ಕೂದಲಿಗಿಂತ ಸಣ್ಣ ತಂತಿಗಳನ್ನು ತಳ್ಳಿಕೊಂಡು ಹೋಗಿ ಒಂದಕ್ಕೊಂದು ತಾಗಿಸುತ್ತದೆ.

ಇನ್ನೊಂದು ಜಗ್ಗಾಟ ಇದೆ, ನಮ್ಮ ಫೈಲು ನಿಂತಿದ್ದೇ ಅದರ ಮೇಲೆ. ಕಾಂಪೌಂಡು ತಾಮ್ರದ ಚೌಕಟ್ಟಿಗೆ ಬಿಡದ ಹಾಗೆ ಅಂಟಬೇಕು. ಅದೇ ಕಾಂಪೌಂಡು ಉಕ್ಕಿನ ಅಚ್ಚಿನಿಂದ ಮಾತ್ರ ಸಲೀಸಾಗಿ ಬಿಟ್ಟುಬರಬೇಕು. ಎರಡೂ ಲೋಹವೇ! ಮೇಣ ಜಾಸ್ತಿ ಹಾಕಿದರೆ ಅಚ್ಚು ಬಿಡುತ್ತದೆ, ತಾಮ್ರವೂ ಬಿಡುತ್ತದೆ. ಅಂಟಿಸುವ ಪದಾರ್ಥ ಜಾಸ್ತಿ ಹಾಕಿದರೆ ತಾಮ್ರ ಹಿಡಿಯುತ್ತದೆ, ಅಚ್ಚೂ ಹಿಡಿಯುತ್ತದೆ. ಆಮೇಲೆ ಹುಡುಗ ಹಿತ್ತಾಳೆ ಕಡ್ಡಿ ಹಿಡಿದು ಅಚ್ಚು ಕೆರೆಯುತ್ತಾ ಮಧ್ಯಾಹ್ನದ ಊಟ ಬಿಡುತ್ತಾನೆ. ಒಂದು ಕಾಲದಲ್ಲಿ ಆ ಹುಡುಗನ ಜಾಗದಲ್ಲಿ ಇದ್ದವಳು ನಾನೇ.

ಇಂಥ ಜಗ್ಗಾಟ ನಿಮ್ಮ ರೆಸಿಪಿಯಲ್ಲಿ ಎಲ್ಲಿದೆ ಅಂತ ಹುಡುಕಿ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡಬೇಕಿತ್ತು, ಕೆಡಲಿಲ್ಲ. ಆ ಜಾಗವೇ ನಿಮ್ಮ ಪೇಟೆಂಟು.

ಡಿ1, ಡಿ2 ಓದುವ ಬಗೆ

ವರದಿಯಲ್ಲಿ ಎಕ್ಸಾಮಿನರ್ ಹಳೆಯ ದಾಖಲೆಗಳನ್ನು ಡಿ1, ಡಿ2 ಅಂತ ಹೆಸರಿಸಿರುತ್ತಾರೆ. ನಮ್ಮದರಲ್ಲಿ ಡಿ1 ಜಪಾನಿನ ಹಳೆಯ ಪೇಟೆಂಟು: ಎಪಾಕ್ಸಿ, ಫೀನಾಲ್ ಹಾರ್ಡನರ್, ಶೇ 80 ಸಿಲಿಕಾ, ಮೇಣ. ಡಿ2 ಸರ್ಕ್ಯೂಟ್ ಬೋರ್ಡಿನ ಹಾಳೆಗೆ ಸಂಬಂಧಪಟ್ಟದ್ದು. ಅದರಲ್ಲಿ ತಾಮ್ರಕ್ಕೆ ಅಂಟಿಸೋಕೆ ಒಂದು ಪದಾರ್ಥವನ್ನು ಶೇ 2 ಹಾಕಿದ್ದರು. ಅದನ್ನು ‘ಎಕ್ಸ್’ ಅನ್ನೋಣ. ನಮ್ಮ ಯಜಮಾನರ ಒಳ್ಳೆಯ ಬ್ಯಾಚು ಶೇ 86 ಸಿಲಿಕಾ, ಶೇ 0.3 ಎಕ್ಸ್ ಇರುವ ಕಾಂಪೌಂಡು. ಎಕ್ಸಾಮಿನರ್ ಬರೆದದ್ದು ಇಷ್ಟು: ಡಿ2ರ ಎಕ್ಸನ್ನು ಡಿ1ಕ್ಕೆ ಹಾಕಿ, ಪ್ರಮಾಣ ಹೊಂದಿಸಿಕೊಳ್ಳೋದು ಈ ಕೆಲಸ ಬಲ್ಲ ಯಾರಿಗಾದರೂ ಹೊಳೆಯುತ್ತದೆ.

ನಿಜ ಹೇಳಬೇಕೆಂದರೆ, ಓದಿದಾಗ ನನಗೂ ಹೌದಲ್ವಾ ಅನ್ನಿಸಿತು.

ಇಂಥ ಹೊತ್ತಿನಲ್ಲಿ ಎಕ್ಸಾಮಿನರ್ ಬರೆದ ಸಾರಾಂಶಕ್ಕೆ ಉತ್ತರ ಬರೆಯೋಕೆ ಕೂರಬೇಡಿ. ದಾಖಲೆಗಳನ್ನೇ ಇಳಿಸಿಕೊಂಡು ಪೂರ್ತಿ ಓದಿ. ಎಸ್ಪಾಸೆನೆಟ್, ಗೂಗಲ್ ಪೇಟೆಂಟ್ಸ್ ಎರಡೂ ಪುಕ್ಕಟೆ. ಜಪಾನಿನದ್ದಕ್ಕೆ ಜೆ-ಪ್ಲಾಟ್‌ಪ್ಯಾಟ್ ಅನ್ನುವ ಅವರದೇ ಜಾಲತಾಣ ಇದೆ, ಯಂತ್ರದ ಇಂಗ್ಲಿಷ್ ಅನುವಾದ ಸಿಗುತ್ತದೆ. ಅನುವಾದ ಓದಿ ನಗು ಬರುತ್ತದೆ, ಆದರೆ ಅಂಕಿಗಳ ಪಟ್ಟಿ ಸರಿಯಾಗೇ ಇರುತ್ತದೆ. ನಮಗೆ ಬೇಕಾದದ್ದೂ ಪಟ್ಟಿಯೇ.

ಮೊದಲ ಪುಟಗಳಲ್ಲಿ ‘ಸಿಲಿಕಾ ಶೇ 50ರಿಂದ 95’ ಅಂತ ಧಾರಾಳವಾಗಿ ಬರೆದಿರುತ್ತಾರೆ. ಎಲ್ಲರೂ ಬರೆಯುತ್ತಾರೆ, ನಾವೂ ಬರೆಯುತ್ತೇವೆ. ಕೊನೆಯ ಪಟ್ಟಿಗೆ ಹೋಗಿ ನೋಡಿದರೆ ಅವರು ನಿಜವಾಗಿ ಕಲಸಿದ್ದು ಶೇ 78ರಿಂದ 82 ಮಾತ್ರ. ಅದರ ಕೆಳಗೆ ‘ಹೋಲಿಕೆ ಉದಾಹರಣೆ’ ಅಂತ ಸಾಲುಗಳಿರುತ್ತವೆ, ಅವರ ಕೈಯಲ್ಲಿ ಕೆಟ್ಟ ಬ್ಯಾಚುಗಳು. ಹೆಚ್ಚಿನವರು ಇದನ್ನು ಓದೋದೇ ಇಲ್ಲ. ನಾನು ಶುರುಮಾಡೋದೇ ಅಲ್ಲಿಂದ. ನಮ್ಮ ಡಿ1ರ ಎರಡನೇ ಹೋಲಿಕೆ ಉದಾಹರಣೆಯಲ್ಲಿ ಒಂದು ಸಾಲು ಸಿಕ್ಕಿತು: ಲೋಹಕ್ಕೆ ಅಂಟುವ ಪದಾರ್ಥ ಹಾಕಿ ನೋಡಿದೆವು, ಅಚ್ಚಿಗೆ ಹಿಡಿದುಕೊಂಡಿತು, ಬಿಟ್ಟೆವು.

ಆ ಸಾಲು ಓದಿದಾಗ ಖುಷಿಗೆ ಎರಡು ಕಾಫಿ ಹೇಳಿ ಕಳಿಸಿದೆ. ಡಿ1 ಓದಿದವನಿಗೆ ಎಕ್ಸ್ ಹಾಕಬೇಕು ಅಂತ ಹೊಳೆಯೋದಿರಲಿ, ಹಾಕಬಾರದು ಅಂತಲೇ ಅನ್ನಿಸುತ್ತದೆ.

ಡಿ2ರಲ್ಲೂ ಹೀಗೇ. ಅಲ್ಲಿ ಎಕ್ಸ್ ಜಾಸ್ತಿ ಮಾಡಿದಷ್ಟೂ ಅಂಟು ಏರುತ್ತಿತ್ತು. ಶೇ 0.5ಕ್ಕೆ ‘ಸಾಲದು’ ಅಂತ ಅವರೇ ಬರೆದಿದ್ದರು. ಪ್ರಮಾಣ ಹೊಂದಿಸಿಕೊಳ್ಳೋಕೆ ಹೊರಟವನು ಡಿ2 ನಂಬಿದರೆ ಮೇಲಕ್ಕೆ ಹೋಗುತ್ತಾನೆ. ನಾವು ಹೋದದ್ದು ಕೆಳಕ್ಕೆ.

ಕಾನೂನು ಕೇಳುವುದು ಏನನ್ನು

1970ರ ಕಾಯ್ದೆಯ ಸೆಕ್ಷನ್ 2(1)(ಜೆಎ) ಎರಡು ಮಾತು ಹೇಳುತ್ತದೆ. ಈಗಿರುವ ತಿಳಿವಳಿಕೆಗಿಂತ ತಾಂತ್ರಿಕವಾಗಿ ಮುಂದೆ ಹೋಗಿರಬೇಕು, ಇಲ್ಲವೇ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ. ಅದರ ಜೊತೆಗೆ, ಆ ಕಸುಬು ಬಲ್ಲವನಿಗೆ ತಾನಾಗಿ ಹೊಳೆಯುವಂಥದ್ದು ಆಗಿರಬಾರದು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮರೆತ ಉತ್ತರಗಳು ಬೇಕಾದಷ್ಟು. ‘ನಮ್ಮದು ಚೆನ್ನಾಗಿದೆ’ ಅಂದರೆ ಸಾಲದು. ಚೆನ್ನಾಗಿರುತ್ತದೆ ಅಂತ ಮೊದಲೇ ಊಹಿಸೋಕೆ ಆಗುತ್ತಿರಲಿಲ್ಲ ಅಂತ ತೋರಿಸಬೇಕು.

ಕಸುಬು ಬಲ್ಲವನು ಯಾರು? ನಾನು ಮನಸ್ಸಿನಲ್ಲಿ ಒಬ್ಬನನ್ನು ಕೂರಿಸಿಕೊಳ್ಳುತ್ತೇನೆ. ರಸಾಯನಶಾಸ್ತ್ರ ಓದಿದ್ದಾನೆ, ಹತ್ತು ವರ್ಷ ಮಿಕ್ಸರ್ ಪಕ್ಕ ನಿಂತಿದ್ದಾನೆ, ಪ್ರಪಂಚದ ಎಲ್ಲ ಪೇಟೆಂಟುಗಳನ್ನೂ ಓದಿದ್ದಾನೆ. ಬುದ್ಧಿವಂತ, ಆದರೆ ಹುಚ್ಚು ಧೈರ್ಯ ಇಲ್ಲ. ಸಿಲಿಕಾವನ್ನು 80ರಿಂದ 82ಕ್ಕೆ ಏರಿಸಿ ನೋಡೋದು ಅವನಿಗೆ ಸೋಮವಾರದ ಕೆಲಸ. ಇಂಥದ್ದಕ್ಕೆ ಪೇಟೆಂಟ್ ಇಲ್ಲ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ: ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ಥಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನ ಮೊಕದ್ದಮೆ. ಪಾತ್ರೆಗಳನ್ನು ಲೇತಿನ ಮೇಲೆ ಹಿಡಿದಿಡುವ ವಿಧಾನದ ಪೇಟೆಂಟು ಅದು. ಕಾರ್ಖಾನೆಯಲ್ಲಿ ದಿನಾ ಮಾಡಿಕೊಳ್ಳುವ ಸುಧಾರಣೆಗಿಂತ ಹೆಚ್ಚಿನದೇನೋ ಇರಬೇಕು ಅಂದಿತು ಕೋರ್ಟು. ಪೀಣ್ಯದ ಯಾವ ಲೇತ್ ಆಪರೇಟರಿಗೆ ಹೇಳಿದರೂ ಆ ತೀರ್ಪು ಅರ್ಥವಾಗುತ್ತದೆ.

ಅಮೆರಿಕದಲ್ಲೂ ಅರ್ಜಿ ಹಾಕಿದ್ದರೆ ಅಲ್ಲಿನ 1955ರ ಆಲರ್ ತೀರ್ಪು ಎದುರಾಗುತ್ತದೆ. ಹಳೆಯ ವ್ಯಾಪ್ತಿಯೊಳಗೆ ಒಳ್ಳೆಯ ಅಂಕಿಯನ್ನು ಮಾಮೂಲಿ ಪ್ರಯೋಗದಿಂದ ಹುಡುಕೋದು ಆವಿಷ್ಕಾರ ಅಲ್ಲ ಅನ್ನುತ್ತದೆ ಅದು. ಅಲ್ಲಿನ ಸುಪ್ರೀಂ ಕೋರ್ಟಿನ 2007ರ ಕೆಎಸ್‌ಆರ್ ತೀರ್ಪು ಬಂದ ಮೇಲೆ ಇನ್ನೂ ಬಿಗಿ. ಯುರೋಪಿನವರು ಕೇಳುವ ಪ್ರಶ್ನೆ ನನಗೆ ಇಷ್ಟ, ಕನ್ನಡದಲ್ಲಿ ಚೆನ್ನಾಗಿ ಕೂರುತ್ತದೆ: ಅವನು ಹಾಗೆ ಮಾಡಬಹುದಿತ್ತು ಅನ್ನೋದಿರಲಿ, ಮಾಡುತ್ತಿದ್ದನಾ? ಎಕ್ಸನ್ನು ಡಿ1ಕ್ಕೆ ಹಾಕೋಕೆ ಯಾರ ಕೈಯೂ ಕಟ್ಟಿರಲಿಲ್ಲ. ಆದರೆ ಅಚ್ಚಿಗೆ ಹಿಡಿಯುತ್ತೆ ಅಂತ ಓದಿದ ಮೇಲೂ ಹಾಕುತ್ತಿದ್ದನಾ?

ಸೆಕ್ಷನ್ 3(ಇ) ಅಂತ ಇನ್ನೊಂದು ಮುಳ್ಳು ಇದೆ. ಮಿಶ್ರಣದ ಅರ್ಜಿಗಳಿಗೆ ಇದು ಚುಚ್ಚೇ ಚುಚ್ಚುತ್ತದೆ. ಬರೀ ಬೆರಕೆ ಮಾಡಿ, ಒಂದೊಂದರ ಗುಣವೂ ಹಾಗೇ ಕೂಡಿಕೊಂಡಿದ್ದರೆ ಅದು ಆವಿಷ್ಕಾರ ಅಲ್ಲ. ಚುರುಮುರಿ ನೆನೆಸಿಕೊಳ್ಳಿ. ಮಂಡಕ್ಕಿ ಮಂಡಕ್ಕಿಯೇ, ಈರುಳ್ಳಿ ಈರುಳ್ಳಿಯೇ. ಬಾಯಿಗೆ ರುಚಿ, ಪೇಟೆಂಟಿಗೆ ಬಾರದು.

ನಾಲ್ಕು ಮೂಲೆಯ ಪ್ರಯೋಗ

ಎಲ್ಲಕ್ಕಿಂತ ಜಾಸ್ತಿ ಸಮಯ ಇದಕ್ಕೆ ಕೊಡಿ. ಮಾತು ಎಷ್ಟೇ ಚೆನ್ನಾಗಿರಲಿ, ಪೇಟೆಂಟ್ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವ ಕಂಟ್ರೋಲರ್ ಕಣ್ಣು ಹೋಗೋದು ಪಟ್ಟಿಯ ಮೇಲೆ.

ನಮ್ಮಲ್ಲಿ ಬದಲಾದದ್ದು ಎರಡು: ಸಿಲಿಕಾ 80ರಿಂದ 86ಕ್ಕೆ, ಎಕ್ಸ್ ಸೊನ್ನೆಯಿಂದ 0.3ಕ್ಕೆ. ಹೆಚ್ಚಿನವರು ಏನು ಮಾಡುತ್ತಾರೆ? ಡಿ1ರದ್ದು ಒಂದು ಬ್ಯಾಚು, ತಮ್ಮದು ಒಂದು ಬ್ಯಾಚು, ನೋಡಿ ನಮ್ಮದು ಎಷ್ಟು ಚೆನ್ನಾಗಿದೆ ಅಂತ. ಅದರಿಂದ ಏನೂ ಸಾಬೀತಾಗೋದಿಲ್ಲ. ಸಿಲಿಕಾ ಜಾಸ್ತಿ ಆದದ್ದಕ್ಕೋ ಎಕ್ಸ್ ಹಾಕಿದ್ದಕ್ಕೋ ಯಾರಿಗೆ ಗೊತ್ತು? ನಾವು ನಾಲ್ಕು ಬ್ಯಾಚು ಮಾಡಿದೆವು. ಒಂದರಲ್ಲಿ ಎರಡೂ ಬದಲಿಲ್ಲ, ಅದು ಡಿ1. ಒಂದರಲ್ಲಿ ಸಿಲಿಕಾ ಮಾತ್ರ ಬದಲು, ಇನ್ನೊಂದರಲ್ಲಿ ಎಕ್ಸ್ ಮಾತ್ರ. ನಾಲ್ಕನೆಯದರಲ್ಲಿ ಎರಡೂ. ಜೊತೆಗೆ ಡಿ2 ಹೇಳಿದ ಹಾಗೆ ಶೇ 2 ಎಕ್ಸ್ ಹಾಕಿ ಐದನೆಯದು.

ಪರೀಕ್ಷೆ ಹೀಗೆ. ತಾಮ್ರದ ಚಿಕ್ಕ ತಗಡಿನ ಮೇಲೆ ಅಂಗಿ ಗುಂಡಿಯಷ್ಟು ದೊಡ್ಡ ಕಾಂಪೌಂಡಿನ ಗುಂಡಿ ಮೋಲ್ಡ್ ಮಾಡಬೇಕು. ಮಾಗಿಸಿ, ತೇವದ ಪೆಟ್ಟಿಗೆಯಲ್ಲಿ 168 ಗಂಟೆ ಇಟ್ಟು, ಹೊರಗೆ ತೆಗೆದು ಪಕ್ಕದಿಂದ ಉಳಿಯಿಂದ ತಳ್ಳಬೇಕು. ಎಷ್ಟು ಬಲಕ್ಕೆ ಕಿತ್ತುಬರುತ್ತದೆ ಅನ್ನೋದು ಅಂಕಿ. ಒಂದೊಂದು ಬ್ಯಾಚಿನಿಂದ ಹತ್ತು ಗುಂಡಿ. ಕಿತ್ತುಬಂದ ಜಾಗದ ಫೋಟೋ ತೆಗೆಯಿರಿ. ತಾಮ್ರ ಬೋಳಾಗಿ ಹೊಳೆಯುತ್ತಿದ್ದರೆ ಅಂಟು ಸೋತಿದೆ. ತಾಮ್ರದ ಮೇಲೆ ಕಪ್ಪು ಉಳಿದಿದ್ದರೆ ಅಂಟು ಗೆದ್ದಿದೆ, ಕಾಂಪೌಂಡೇ ಹರಿದಿದೆ. ಈ ಫೋಟೋ ಅಂಕಿಗಿಂತ ಬೇಗ ಕೆಲಸ ಮಾಡುತ್ತದೆ.

ತೇವದ ನಂತರ ಡಿ1ರ ಗುಂಡಿ 4 ಕಿಲೋ ಬಲಕ್ಕೆ ಬಂತು. ಸಿಲಿಕಾ ಮಾತ್ರ ಏರಿಸಿದ್ದು 5. ಎಕ್ಸ್ ಮಾತ್ರ ಹಾಕಿದ್ದು 6. ಎರಡನ್ನೂ ಕೂಡಿಸಿದರೆ ಎಷ್ಟು ಬರಬೇಕು? ಸಿಲಿಕಾದಿಂದ 1, ಎಕ್ಸಿನಿಂದ 2, ಒಟ್ಟು 7. ಬಂದದ್ದು 11. ಐದನೆಯದು, ಶೇ 2 ಎಕ್ಸಿನದ್ದು, ತೇವದ ನಂತರ ಮತ್ತೆ 6ಕ್ಕೇ ನಿಂತಿತು. ಸಾಲದ್ದಕ್ಕೆ ಐದನೇ ಶಾಟಿಗೆ, ಅಂದರೆ ಐದನೇ ಸಲ ಅಚ್ಚು ತುಂಬಿದಾಗ, ಅಚ್ಚು ಹಿಡಿದುಕೊಂಡಿತು.

7ಕ್ಕೂ 11ಕ್ಕೂ ನಡುವಿನ ಆ 4 ಕಿಲೋ ಮೇಲೆ ಇಡೀ ಉತ್ತರ ನಿಂತಿತು. ಚುರುಮುರಿ ಅಲ್ಲ ಅನ್ನೋಕೂ ಅದೇ, ಮೊದಲೇ ಹೊಳೆಯುತ್ತಿರಲಿಲ್ಲ ಅನ್ನೋಕೂ ಅದೇ.

ಕೆಲವು ಎಚ್ಚರಿಕೆ. ಐದೂ ಬ್ಯಾಚಿಗೆ ಒಂದೇ ಲಾಟಿನ ಸಿಲಿಕಾ ಬಳಸಿ. ಒಂದೇ ಪ್ರೆಸ್, ಸಾಧ್ಯವಾದರೆ ಒಂದೇ ಕೈ. ಕಾಂಪೌಂಡನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಬಿಚ್ಚಬೇಡಿ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಮುಚ್ಚಿದ ಹಾಗೇ ಕೋಣೆಯ ಶಾಖಕ್ಕೆ ಬರಲಿ. ಜೆಲ್ ಟೈಮ್ ಬರೆದಿಡಿ: 175 ಡಿಗ್ರಿ ತಟ್ಟೆಯ ಮೇಲೆ ಚಿಟಿಕೆ ಪುಡಿ ಹಾಕಿ ಕಡ್ಡಿಯಿಂದ ಆಡಿಸುತ್ತಾ ಇದ್ದರೆ ಮೊದಲು ಎಳೆ ಬರುತ್ತದೆ, ಥೇಟ್ ಬೆಲ್ಲದ ಪಾಕ. ಎಳೆ ಬರೋದು ನಿಂತ ಕ್ಷಣಕ್ಕೆ ಗಡಿಯಾರ ನಿಲ್ಲಿಸಿ. ಐದು ಬ್ಯಾಚಿನ ಜೆಲ್ ಟೈಮೂ ಹತ್ತಿರ ಹತ್ತಿರ ಇದ್ದರೆ, ‘ನಿಮ್ಮದು ಚೆನ್ನಾಗಿ ಬೆಂದಿದೆ ಅಷ್ಟೇ’ ಅನ್ನುವ ಪ್ರಶ್ನೆಗೆ ಬಾಗಿಲು ಮುಚ್ಚಿದ ಹಾಗೆ.

ಈಗ ಒಂದು ಹೊಟ್ಟೆಯುರಿ. ನಾಲ್ಕು ಮೂಲೆಯಲ್ಲಿ ಮೂರು ಬ್ಯಾಚುಗಳನ್ನು ಅರ್ಜಿ ಹಾಕುವ ಮುಂಚೆಯೇ ಒಮ್ಮೆ ಮಾಡಿದ್ದರಂತೆ. ಫಲಿತಾಂಶ ಎಲ್ಲಿ ಅಂದರೆ, “ಕೆಟ್ಟ ಬ್ಯಾಚು ಮೇಡಂ, ಯಾಕೆ ಬರೆಯೋದು, ಬಿಸಾಕಿದ್ವಿ.” ಪೇಟೆಂಟ್ ಕೊಡಿಸೋದೇ ಆ ಕೆಟ್ಟ ಬ್ಯಾಚುಗಳು! ಅವು ಸ್ಪೆಸಿಫಿಕೇಶನ್ನಿನಲ್ಲೇ, ಅಂದರೆ ಅರ್ಜಿಯ ಜೊತೆ ಕೊಡುವ ಆವಿಷ್ಕಾರದ ವಿವರಣೆಯಲ್ಲೇ, ಮೊದಲ ದಿನವೇ ಇದ್ದಿದ್ದರೆ ಈ ಆಕ್ಷೇಪಣೆ ಅರ್ಧಕ್ಕರ್ಧ ಬರುತ್ತಲೇ ಇರಲಿಲ್ಲ. ಆಮೇಲೆ ಮಾಡಿದ ಪ್ರಯೋಗವನ್ನು ಸೆಕ್ಷನ್ 79ರ ಪ್ರಕಾರ ಅಫಿಡವಿಟ್ಟಿನಲ್ಲಿ ಕೊಡಬಹುದು, ನಾವೂ ಹಾಗೇ ಕೊಟ್ಟೆವು. ಆದರೆ ತೇವದ ನಂತರದ ಅಂಟಿನ ಮಾತು ಸ್ಪೆಸಿಫಿಕೇಶನ್ನಿನಲ್ಲಿ ಎಲ್ಲೂ ಇಲ್ಲದಿದ್ದರೆ, ಈಗ ತಂದ ಅಂಕಿಯನ್ನು ನಂಬಿಸೋದು ಕಷ್ಟ. ನಮ್ಮ ಪುಣ್ಯ, ಒಂದು ಪ್ಯಾರಾ ಇತ್ತು.

ಕ್ಲೇಮು ಕಿರಿದು ಮಾಡುವಾಗ

ಇಲ್ಲಿನ ತಪ್ಪು ನನ್ನದೇ. ಕ್ಲೇಮು, ಅಂದರೆ ‘ಇಷ್ಟು ನನ್ನದು’ ಅಂತ ಗಡಿ ಹಾಕುವ ಸಾಲು, ಬರೆದವಳು ನಾನು. ಆಸೆಗೆ ಬಿದ್ದು ‘ಸಿಲಿಕಾ ಶೇ 75ರಿಂದ 92, ಎಕ್ಸ್ ಶೇ 0.05ರಿಂದ 3’ ಅಂತ ಬರೆದಿದ್ದೆ. ಆ ವ್ಯಾಪ್ತಿಯೊಳಗೆ ಡಿ1ರ 80 ಬರುತ್ತದೆ, ಡಿ2ರ 2 ಕೂಡ. ನಮ್ಮ ಒಳ್ಳೆಯ ಅಂಕಿ ಇರೋದು ಒಂದೇ ಚುಕ್ಕೆಯಲ್ಲಿ. ಒಂದು ಚುಕ್ಕೆಯ ಅಂಕಿ ತೋರಿಸಿ ಇಡೀ ಮೈದಾನ ನನ್ನದು ಅನ್ನೋಕಾಗುತ್ತಾ?

ಕಿರಿದು ಮಾಡಬೇಕು. ಆದರೆ ಸೆಕ್ಷನ್ 59 ಸುಮ್ನೆ ಬಿಡೋದಿಲ್ಲ. ತಿದ್ದುಪಡಿ ಮೂಲ ಸ್ಪೆಸಿಫಿಕೇಶನ್ನಿನಲ್ಲಿ ಇದ್ದದ್ದರಿಂದಲೇ ಬರಬೇಕು, ಹಳೆಯ ಕ್ಲೇಮಿನ ಹೊರಗೆ ಹೋಗಬಾರದು. 84, 88, 0.2, 0.5 ಅನ್ನುವ ಅಂಕಿಗಳು ಮೂಲದಲ್ಲಿ ‘ಮೇಲಾಗಿ’, ‘ಇನ್ನೂ ಮೇಲಾಗಿ’ ಅಂತ ಎಲ್ಲೋ ಬರೆದಿದ್ದವು, ಬದುಕಿದೆವು. ಅವತ್ತಿನಿಂದ ನಾನು ಮೆಟ್ಟಿಲು ಮೆಟ್ಟಿಲಾಗಿ ಬರೆಯುತ್ತೇನೆ: ಅಗಲ, ಅದರೊಳಗೆ ಕಿರಿದು, ಅದರೊಳಗೆ ಇನ್ನೂ ಕಿರಿದು. ಆಮೇಲೆ ಆ ಕಿರಿದರ ಎರಡೂ ತುದಿಗೆ ಬ್ಯಾಚು ಮಾಡಿಸುತ್ತೇನೆ. 84ಕ್ಕೂ 88ಕ್ಕೂ 9 ಕಿಲೋ ದಾಟಿದರೆ ಸಾಕು, ನಡುವಿನದನ್ನು ಕೇಳುವವರಿಲ್ಲ.

ಇನ್ನೊಂದು ಚಟ ಬಿಡಿ. ರೆಸಿಪಿ ಹಳೆಯದೇ ಇಟ್ಟುಕೊಂಡು ‘ಸ್ಪೈರಲ್ ಫ್ಲೋ (ಅಚ್ಚಿನಲ್ಲಿ ಎಷ್ಟು ದೂರ ಹರಿಯುತ್ತೆ ಅನ್ನೋದು) ಇಷ್ಟು ಇಂಚು’, ‘ಗಾಜಾಗುವ ಶಾಖ ಇಷ್ಟು ಡಿಗ್ರಿ’ ಅಂತ ಹೊಸ ಗುಣದ ಅಂಕಿ ಅಂಟಿಸಿದರೆ ಪೇಟೆಂಟ್ ಸಿಗುತ್ತೆ ಅಂತ ಕೆಲವರ ನಂಬಿಕೆ. ಡಿ1ರ ರೆಸಿಪಿ ಅದೇ ಆಗಿದ್ದರೆ ಆ ಗುಣವೂ ಅದರೊಳಗೆ ಮೊದಲೇ ಇತ್ತು. ನೀವು ಅಳೆದದ್ದು ಹೊಸದು, ಅಷ್ಟೇ.

ಉತ್ತರದ ಕಾಗದ

ಉದ್ದ ಬೇಡ. ನಮ್ಮದು ಏಳು ಪುಟ, ಅದರಲ್ಲಿ ಎರಡು ಪಟ್ಟಿ, ಒಂದು ಫೋಟೋ. ಮೊದಲು ಡಿ1 ನಮಗೆ ಹತ್ತಿರದ್ದು ಅಂತ ಒಪ್ಪಿಕೊಳ್ಳಿ, ಇಲ್ಲ ಅಂತ ವಾದಿಸಿ ಸಮಯ ಹಾಳುಮಾಡಬೇಡಿ. ಆಮೇಲೆ ವ್ಯತ್ಯಾಸ ಎರಡು ಸಾಲಿನಲ್ಲಿ. ಆಮೇಲೆ ಪಟ್ಟಿ. ಅದಾದ ಮೇಲೆ ಡಿ1ರ ಹೋಲಿಕೆ ಉದಾಹರಣೆಯ ಆ ಸಾಲನ್ನು ಪುಟ ಸಂಖ್ಯೆ ಸಮೇತ ಅವರ ಮಾತಿನಲ್ಲೇ ಎತ್ತಿ ಬರೆಯಿರಿ.

ಡಿ2 ಬೇರೆ ಕ್ಷೇತ್ರದ್ದು, ಅಲ್ಲಿ ರೆಸಿನ್ನನ್ನು ದ್ರಾವಕದಲ್ಲಿ ಕರಗಿಸಿ ಗಾಜಿನ ಬಟ್ಟೆಗೆ ಕುಡಿಸುತ್ತಾರೆ, ಅಲ್ಲಿ ನಮ್ಮಂತೆ ಹರಿವಿನ ಚಿಂತೆಯಿಲ್ಲ ಅನ್ನುವ ವಾದವನ್ನೂ ಹಾಕಿದೆ. ನನ್ನ ಅಭಿಪ್ರಾಯ ಕೇಳಿದರೆ ಅದು ಬಡಕಲು ವಾದ. ಎರಡೂ ಎಪಾಕ್ಸಿ, ಎರಡೂ ತಾಮ್ರ. ಬರೀ ಅದನ್ನೇ ನಂಬಿ ಕೂರಬೇಡಿ. ಪಟ್ಟಿಯ ಹಿಂದೆ ನಿಲ್ಲಿಸಿ.

ಎಕ್ಸಾಮಿನರ್ ‘ಹೊಳೆಯುತ್ತದೆ’ ಅಂತ ಒಂದೇ ಸಾಲು ಬರೆದು ಕಾರಣ ಕೊಡದಿದ್ದರೆ ಅದನ್ನು ಮೃದುವಾಗಿ ಎತ್ತಿ ತೋರಿಸಿ. ದೆಹಲಿ ಹೈಕೋರ್ಟು 2022ರ ಅಗ್ರಿಬೋರ್ಡ್ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ: ಅರ್ಜಿ ತಿರಸ್ಕರಿಸುವಾಗ ಹಳೆಯದು ಏನು, ಹೊಸದು ಏನು, ಹಳೆಯದರಿಂದ ಹೊಸದು ಹೇಗೆ ಹೊಳೆಯುತ್ತದೆ, ಮೂರನ್ನೂ ಚರ್ಚಿಸಬೇಕು.

ಹಿಯರಿಂಗ್

ಉತ್ತರ ಕೊಟ್ಟ ಮೇಲೂ ಸಮಾಧಾನ ಆಗದಿದ್ದರೆ ಹಿಯರಿಂಗಿಗೆ ಕರೆಯುತ್ತಾರೆ, ಹೆಚ್ಚಾಗಿ ವಿಡಿಯೋದಲ್ಲಿ. ನಾನು ಕಾರ್ಖಾನೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಹೋಗೋದಿಲ್ಲ. ಅವತ್ತು ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಜೇಬಿನಲ್ಲಿ ಎರಡು ತಾಮ್ರದ ತಗಡು ಇಟ್ಟುಕೊಂಡು ಬಂದರು.

ಕಂಟ್ರೋಲರ್ ನೇರವಾಗಿ ಕೇಳಿದರು: 0.3 ಯಾಕೆ, 0.8 ಯಾಕಲ್ಲ? ಅಫಿಡವಿಟ್ಟಿನಲ್ಲಿ 0.8 ಇರಲಿಲ್ಲ. ನನ್ನ ಬಾಯಿ ಒಣಗಿತು. ಯಜಮಾನರು ನನ್ನ ಕಡೆ ತಿರುಗಿ ಕನ್ನಡದಲ್ಲೇ, “0.8ಕ್ಕೆ ಇಪ್ಪತ್ತನೇ ಶಾಟಿಗೆ ಅಚ್ಚು ಹಿಡಿಯುತ್ತೆ ಮೇಡಂ, 0.3ಕ್ಕೆ ಇನ್ನೂರು ಶಾಟ್ ಆದ್ರೂ ಬರುತ್ತೆ, ಶಿಫ್ಟ್ ರಿಜಿಸ್ಟರಲ್ಲಿ ಇದೆ” ಅಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಬೋಳು ತಾಮ್ರದ ತಗಡು, ಕಪ್ಪು ಉಳಿದ ತಗಡು, ಎರಡನ್ನೂ ಕ್ಯಾಮೆರಾಗೆ ಹಿಡಿದೆವು.

ಹಿಯರಿಂಗ್ ಆದ 15 ದಿನದೊಳಗೆ ಲಿಖಿತ ವಾದ ಹಾಕಬೇಕು. ಶಿಫ್ಟ್ ರಿಜಿಸ್ಟರಿನ ಆ ಪುಟಗಳ ನಕಲನ್ನು ಅದರ ಜೊತೆ ಹಾಕಿದೆವು. ಎಣ್ಣೆ ಕಲೆ, ಕಾಫಿ ಕಲೆ ಎಲ್ಲ ಇದ್ದ ಪುಟಗಳು. ಅದನ್ನು ಟೈಪ್ ಮಾಡಿಸಿ ಚೆಂದ ಮಾಡಿಕೊಡಲೇ ಅಂತ ಯಜಮಾನರು ಕೇಳಿದರು. ಬೇಡವೇ ಬೇಡ ಅಂದೆ.

ತಿರಸ್ಕಾರವಾಗಿದ್ದರೆ 3 ತಿಂಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬೇಕಿತ್ತು, 2021ರಲ್ಲಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ ಅದೇ ದಾರಿ. ನಮಗೆ ಅದರ ಅಗತ್ಯ ಬೀಳಲಿಲ್ಲ. 84ರಿಂದ 88, 0.2ರಿಂದ 0.5, ಅಷ್ಟಕ್ಕೆ ಪೇಟೆಂಟ್ ಸಿಕ್ಕಿತು. ಇಷ್ಟು ಸಣ್ಣ ಜಾಗಕ್ಕೆ ಇಷ್ಟು ದುಡ್ಡಾ ಅಂತ ಯಜಮಾನರ ತಕರಾರು ಈಗಲೂ ಇದೆ. ಪೇಟೆಂಟ್ ರಿಜಿಸ್ಟರಿಗೆ ಏರಿದ ಮೇಲೆ ಹಿಂದಿನ ವರ್ಷಗಳ ಬಾಕಿ ರಿನ್ಯೂವಲ್ ಫೀಸು 3 ತಿಂಗಳೊಳಗೆ ಕಟ್ಟಬೇಕು ಅಂತ ಹೇಳೋಕೆ ಮೊನ್ನೆ ಫೋನ್ ಮಾಡಿದೆ. ಮಿಕ್ಸರ್ ಸದ್ದಿನಲ್ಲಿ ಅವರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ಇವತ್ತು ಸಂಜೆ ಮತ್ತೆ ಮಾಡಬೇಕು.